ಹೆಸರು ಮರೆತ ಫೈಲನ್ನು ವೇಳೆಯಿಂದ ಹುಡುಕುವುದು

ತಾಲ್ಲೂಕು ಕೇಂದ್ರದ ಮುದ್ರಣಾಲಯವೊಂದರಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ವಿನ್ಯಾಸ ಮಾಡುವ) ಕೆಲಸ ಮಾಡುವ ನನಗೆ ಮದುವೆ ಹಂಗಾಮು ಬಂತೆಂದರೆ ಲಗ್ನಪತ್ರಿಕೆಗಳ ರಾಶಿ ಬೀಳುತ್ತದೆ. ಅವಸರದಲ್ಲಿ ಒಂದಕ್ಕೆ ‘ಮದುವೆ ಹೊಸದು’, ಇನ್ನೊಂದಕ್ಕೆ ‘ಮದುವೆ ಫೈನಲ್ 2’ ಎಂದು ಹೆಸರಿಟ್ಟು ಸೇವ್ ಮಾಡಿರುತ್ತೇನೆ. ಎರಡು ದಿನ ಬಿಟ್ಟು ಗಿರಾಕಿ ಪ್ರೂಫ್ ಹಿಡಿದು ಬಂದು, “ಮುಹೂರ್ತ ಹನ್ನೊಂದೂಕಾಲಿಗಲ್ಲ ಸಾರ್, ಹನ್ನೊಂದೂವರೆಗೆ” ಎಂದಾಗ ಅವರ ಫೈಲು ಯಾವುದೆಂದು ನೆನಪಾಗುವುದಿಲ್ಲ.

ವಧುವಿನ ಹೆಸರನ್ನೇ ಟೈಪಿಸಿ ಹುಡುಕಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಕೆಲಸ ಬಹುಪಾಲು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ನಡೆಯುವುದರಿಂದ, ಪರದೆಯ ಮೇಲೆ ಕನ್ನಡವಾಗಿ ಕಾಣುವ ಅಕ್ಷರಗಳು ಫೈಲಿನೊಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರೂಪದಲ್ಲಿರುತ್ತವೆ. ಮೊಬೈಲು, ಇಂಟರ್‌ನೆಟ್ಟುಗಳಲ್ಲಿ ಈಗ ಬಳಕೆಯಲ್ಲಿರುವ ಯುನಿಕೋಡಿನಲ್ಲಿ ಟೈಪಿಸಿದ ಹೆಸರು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ನಾನು ಹೆಸರಿನ ಗೋಜನ್ನು ಬಿಟ್ಟು ವೇಳೆಯನ್ನು ಹಿಡಿದು ಹುಡುಕುವುದನ್ನು ರೂಢಿಸಿಕೊಂಡೆ.

ಮೊದಲು ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ರೀಸೆಂಟ್’ ಎಂದು ಟೈಪಿಸಿ ಎಂಟರ್ ಕೊಡುತ್ತೇನೆ. ಇತ್ತೀಚೆಗೆ ತೆರೆದ ಫೈಲುಗಳ ಶಾರ್ಟ್‌ಕಟ್‌ಗಳಿರುವ ಫೋಲ್ಡರ್ ತೆರೆದುಕೊಳ್ಳುತ್ತದೆ. ಅದನ್ನು ‘ಡೇಟ್ ಮಾಡಿಫೈಡ್’ ಪ್ರಕಾರ ಜೋಡಿಸಿದರೆ ಕೊನೆಯದಾಗಿ ತೆರೆದದ್ದು ಮೇಲೆ ಬರುತ್ತದೆ. ಏನನ್ನೂ ಬದಲಾಯಿಸದೆ ಬರೀ ಪ್ರಿಂಟ್ ತೆಗೆಯಲು ತೆರೆದ ಫೈಲು ಕೂಡ ಇಲ್ಲಿ ಸಿಗುವುದೇ ಇದರ ದೊಡ್ಡ ಅನುಕೂಲ.

ಇದರಲ್ಲಿ ನಾನೊಮ್ಮೆ ಪೆಟ್ಟು ತಿಂದದ್ದೂ ಉಂಟು. ಗಿರಾಕಿಯೊಬ್ಬರಿಗೆ ಅದೇ ಫೋಲ್ಡರಿನಿಂದ ಕಾಪಿ ಮಾಡಿ ಪೆನ್‌ಡ್ರೈವಿಗೆ ಹಾಕಿ ಕಳುಹಿಸಿದೆ; ಮನೆಗೆ ಹೋದವರು ಫೈಲು ತೆರೆಯುತ್ತಿಲ್ಲವೆಂದು ಸಂಜೆ ಫೋನ್ ಮಾಡಿದರು. ನಾನು ಕೊಟ್ಟಿದ್ದು ಬರೀ ಒಂದೆರಡು ಕೆಬಿಯ ಶಾರ್ಟ್‌ಕಟ್, ಅಂದರೆ ಮನೆಯಲ್ಲ, ಮನೆಯ ವಿಳಾಸ! ಐಕಾನಿನ ಮೂಲೆಯಲ್ಲಿದ್ದ ಪುಟ್ಟ ಬಾಣವನ್ನು ಗಮನಿಸಿದ್ದರೆ ಸಾಕಿತ್ತು. ಈಗ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ, ಮೂಲ ಫೈಲು ಇರುವಲ್ಲಿಗೇ ಹೋಗಿ ಕಾಪಿ ಮಾಡುತ್ತೇನೆ.

ಆ ಪಟ್ಟಿಯಲ್ಲಿ ಸಿಗದಿದ್ದರೆ ಡಿ ಡ್ರೈವ್ ತೆರೆದು, ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ‘ಡೇಟ್’, ‘ಮಾಡಿಫೈಡ್’ ಪದಗಳನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪಿಸಿ, ಕೋಲನ್ ಹಾಕಿ, ಮುಂದೆ ‘ಟುಡೇ’ ಅಥವಾ ‘ಯಸ್ಟರ್‌ಡೇ’ ಎಂದು ಬರೆಯುತ್ತೇನೆ. ಆ ದಿನ ಬದಲಾದ ಫೈಲುಗಳೆಲ್ಲ, ಯಾವ ಫೋಲ್ಡರಿನ ಒಳಗಿದ್ದರೂ, ಒಂದೇ ಕಡೆ ಬರುತ್ತವೆ. ಆದರೆ ಗಿರಾಕಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಫೈಲನ್ನು ಇಂದು ಕಾಪಿ ಮಾಡಿಕೊಂಡರೂ ಅದರ ಮಾಡಿಫೈಡ್ ದಿನಾಂಕ ಹಳೆಯದೇ ಆಗಿ ಉಳಿಯುತ್ತದೆ. ಹೊಸದಾಗುವುದು ‘ಡೇಟ್ ಕ್ರಿಯೇಟೆಡ್’ ಮಾತ್ರ. ಅಂಥ ಫೈಲುಗಳನ್ನು ಕ್ರಿಯೇಟೆಡ್ ಪ್ರಕಾರ ಜೋಡಿಸಿಯೇ ಹುಡುಕಬೇಕು, ಇಲ್ಲದಿದ್ದರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಪದೇ ಪದೇ ಬೇಕಾಗುವ ಬಿಲ್ಲಿನ ನಮೂನೆಯಂಥವನ್ನು ವರ್ಡ್‌ನಲ್ಲಿ ಪಿನ್ ಮಾಡಿ, ಅಂದರೆ ಅದರ ಪಟ್ಟಿಯಿಂದ ಜಾರಿಹೋಗದಂತೆ ಮಾಡಿ, ಇಟ್ಟಿದ್ದೇನೆ. ಇನ್ನೊಂದು ಮಾತು: ‘ರೀಸೆಂಟ್’ ಎಂದು ಟೈಪಿಸಿದಾಗ ಬರುವ ಇತ್ತೀಚಿನ ಫೈಲುಗಳ ಪಟ್ಟಿ ಆಯಾ ಬಳಕೆದಾರರ ಖಾತೆಗೆ ಸೇರಿದ್ದು. ರಾತ್ರಿ ಪಾಳಿಯ ಹುಡುಗ ತನ್ನ ಖಾತೆಯಲ್ಲಿ ತೆರೆದದ್ದು ನನ್ನ ಪಟ್ಟಿಯಲ್ಲಿ ಕಾಣದು. ಅವನು ಮಾಡಿದ ತಿದ್ದುಪಡಿ ಬೇಕಾದಾಗ ನಾನು ನೇರವಾಗಿ ಡಿ ಡ್ರೈವಿನ ಹುಡುಕಾಟಕ್ಕೇ ಹೋಗುತ್ತೇನೆ.