ಘನ, ಕಲ್ಲು, ಬಿರಡೆ: ಉದ್ದ, ದ್ರವ್ಯರಾಶಿ, ಗಾತ್ರ ಅಳೆಯುವ ಬಗೆ

ಅಳತೆಯ ಪಾಠಕ್ಕೆ ನಾನು ಪ್ರತಿ ಮೇಜಿನ ಮೇಲೆ ಮೂರು ವಸ್ತುಗಳನ್ನು ಇಡುತ್ತೇನೆ: ಒಂದು ಚಿಕ್ಕ ಲೋಹದ ಘನ, ಒಂದು ಬೆಣಚುಕಲ್ಲು, ಒಂದು ಬೆಂಡಿನ ಬಿರಡೆ. ಉಪಕರಣ ಮುಟ್ಟುವ ಮೊದಲು ಕಲ್ಲನ್ನು ಅಂಗೈಯಲ್ಲಿಟ್ಟು ಅದು ಎಷ್ಟು ಗ್ರಾಂ ಇರಬಹುದು, ಎಷ್ಟು ನೀರಿನ ಜಾಗ ಹಿಡಿಯಬಹುದು ಎಂದು ಪುಸ್ತಕದ ಅಂಚಿನಲ್ಲಿ ಬರೆಯಬೇಕು. ಅಂದಾಜು ತಪ್ಪಾದರೆ ಅಂಕ ಕಳೆಯುವುದಿಲ್ಲ. ಆದರೆ ಅದನ್ನು ಬರೆದಿದ್ದವರು ಮುಂದೆ 40 ಗ್ರಾಮಿನ ಕಲ್ಲಿಗೆ 400 ಎಂದು ಬರೆಯಲು ಹೊರಟಾಗ ತಾವಾಗಿಯೇ ತಡೆದು ಯೋಚಿಸುತ್ತಾರೆ. ನನಗೆ ಬೇಕಾದದ್ದು ಅದು.

ಮೊದಲು ಘನದ ಉದ್ದ. ಸ್ಕೇಲಿನ ತುದಿ ಬಹುಮಟ್ಟಿಗೆ ಸವೆದಿರುತ್ತದೆ, ಸೊನ್ನೆಯ ಗೆರೆಯನ್ನು ನಂಬುವಂತಿಲ್ಲ. ಘನದ ಒಂದು ಅಂಚನ್ನು 1ರ ಗೆರೆಗೆ ಹೊಂದಿಸಿ, ಇನ್ನೊಂದು ಅಂಚು ಎಲ್ಲಿಗೆ ಬರುತ್ತದೆ ನೋಡಿ. 3ಕ್ಕೆ ಬಂದರೆ ಉದ್ದ 2 ಸೆಂಟಿಮೀಟರ್. ಎರಡೂ ಅಂಕಿಗಳನ್ನು ಬರೆದಿಟ್ಟು ಆಮೇಲೆ ಕಳೆಯಿರಿ. ಮನಸ್ಸಿನಲ್ಲೇ ಕಳೆದವರು ಎಷ್ಟೋ ಸಲ ಕಳೆಯುವುದನ್ನೇ ಮರೆತಿರುತ್ತಾರೆ.

ಸ್ಕೇಲನ್ನು ಮಲಗಿಸಿ ಇಟ್ಟರೆ ಅದರ ದಪ್ಪದಿಂದಾಗಿ ಗೆರೆಗೂ ವಸ್ತುವಿಗೂ ನಡುವೆ ಅಂತರ ಉಳಿಯುತ್ತದೆ. ಆಗ ತಲೆಯನ್ನು ಎಡಕ್ಕೆ ವಾಲಿಸಿದರೆ ಒಂದು ಅಂಕಿ, ಬಲಕ್ಕೆ ವಾಲಿಸಿದರೆ ಇನ್ನೊಂದು. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಗೆರೆಗಳು ವಸ್ತುವನ್ನೇ ತಾಗುವಂತೆ ಹಿಡಿದು, ಕಣ್ಣನ್ನು ಗೆರೆಯ ನೇರಕ್ಕೆ ತಂದು ಓದಿ. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಏನಂತೆ ಎನ್ನುವವರಿಗೆ ನನ್ನ ಉತ್ತರ ಈ ಘನವೇ. ಅಂಚು 2.0 ಸೆಂಟಿಮೀಟರ್ ಇದ್ದರೆ ಗಾತ್ರ 8 ಘನ ಸೆಂಟಿಮೀಟರ್. ಅದನ್ನೇ 2.1 ಎಂದು ಓದಿದರೆ ಸುಮಾರು 9.3. ಉದ್ದದಲ್ಲಿ ನೂರಕ್ಕೆ ಐದರಷ್ಟಿದ್ದ ದೋಷ ಗಾತ್ರಕ್ಕೆ ಬರುವಷ್ಟರಲ್ಲಿ ಹದಿನಾರರ ಹತ್ತಿರ ಹೋಯಿತು.

ಬಾಗಿದ ಗೆರೆಗೆ ಹಿಗ್ಗದ ದಾರ ಹಾಸಿ ಅಳೆಯಿರಿ. ಕಾಗದದ ದಪ್ಪ ಬೇಕಿದ್ದರೆ ನೂರು ಹಾಳೆಗಳನ್ನು ಒತ್ತಿ ಹಿಡಿದು ಅಳೆದು ನೂರರಿಂದ ಭಾಗಿಸಿ. ಪುಟಸಂಖ್ಯೆಯನ್ನು ನಂಬಿದರೆ ನೂರು ಪುಟಕ್ಕೆ ಐವತ್ತೇ ಹಾಳೆ ಎಂಬುದು ನೆನಪಿರಲಿ.

ಇನ್ನು ದ್ರವ್ಯರಾಶಿ. ಕಲ್ಲನ್ನು ನೀರಿಗೆ ಹಾಕುವ ಮೊದಲೇ ಅದನ್ನು ತೂಗಬೇಕು. ಒದ್ದೆ ಕಲ್ಲನ್ನು ತೂಗಿದರೆ ಅದಕ್ಕೆ ಅಂಟಿದ ನೀರನ್ನೂ ಸೇರಿಸಿ ತೂಗಿದಂತೆ. ಡಿಜಿಟಲ್ ತಕ್ಕಡಿ ಸಮತಟ್ಟಾದ ಜಾಗದಲ್ಲಿರಲಿ, ಫ್ಯಾನಿನ ಗಾಳಿ ಬೀಳದಿರಲಿ, ಖಾಲಿ ತಟ್ಟೆಗೆ ಸೊನ್ನೆ ತೋರಿಸಲಿ. ಅಂಕಿಗಳು ಕುಣಿಯುವುದು ನಿಂತ ಮೇಲೆ ಓದಿ. ಪುಡಿಯನ್ನು ತಟ್ಟೆಗೆ ನೇರವಾಗಿ ಸುರಿಯಬೇಡಿ. ಕಾಗದ ಇಟ್ಟು, ಸೊನ್ನೆ ಮಾಡಿ, ಆಮೇಲೆ ಹಾಕಿ. ದ್ರವವಾದರೆ ಖಾಲಿ ಬೀಕರನ್ನು ಮೊದಲು ತೂಗಿ ಕೊನೆಗೆ ಕಳೆಯಿರಿ. ಬಿಸಿ ವಸ್ತುವನ್ನು ತಣಿಸದೆ ಇಡಬೇಡಿ. ಅದರ ಸುತ್ತ ಬಿಸಿಗಾಳಿ ಮೇಲೇರುತ್ತಿರುವುದರಿಂದ ಅಂಕಿ ನಿಲ್ಲುವುದೂ ಇಲ್ಲ, ಸರಿಯಾಗಿರುವುದೂ ಇಲ್ಲ.

ಎರಡು ತಟ್ಟೆಯ ತಕ್ಕಡಿ ಸಿಕ್ಕರೆ ನನಗೆ ಹೆಚ್ಚು ಸಂತೋಷ, ಏಕೆಂದರೆ ಅಳತೆ ಎಂದರೆ ಹೋಲಿಕೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಒಮ್ಮೆ ತೂಗಿದ ಮೇಲೆ ಕಲ್ಲನ್ನೂ ಬಟ್ಟುಗಳನ್ನೂ ಅದಲುಬದಲು ಮಾಡಿ ನೋಡಿ. ಅಂಕಿ ಬದಲಾದರೆ ತಕ್ಕಡಿಯ ಎರಡು ತೋಳುಗಳು ಸಮವಾಗಿಲ್ಲ. ಎರಡರ ಸರಾಸರಿ ಹಿಡಿಯಿರಿ. ಬಟ್ಟುಗಳನ್ನು ಚಿಮಟದಿಂದಲೇ ಎತ್ತಿ, ಬೆರಳಿನ ಜಿಡ್ಡು ಅವುಗಳ ದ್ರವ್ಯರಾಶಿಯನ್ನು ಬದಲಿಸುತ್ತದೆ. ಇದು ಅತಿಯಾದ ಮಡಿಯಲ್ಲ. 1889ರಿಂದ 2019ರವರೆಗೆ ಇಡೀ ಜಗತ್ತಿನ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಗಾಜಿನ ಮುಚ್ಚಳಗಳ ಒಳಗೆ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂನ ಒಂದು ಸಿಲಿಂಡರ್. ಅಷ್ಟು ಕಾಪಾಡಿದರೂ ಅದಕ್ಕೂ ಅದರ ಪ್ರತಿಗಳಿಗೂ ನಡುವೆ ಒಂದು ಶತಮಾನದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದಿತ್ತು. ಈಗ ಕಿಲೋಗ್ರಾಮಿಗೆ ಆಧಾರ ಯಾವ ಲೋಹದ ತುಂಡೂ ಅಲ್ಲ, ಪ್ಲ್ಯಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯಲ್ಲಿ ಎಲ್ಲೆಡೆ ಒಂದೇ ಆಗಿರುವ ಬೆಲೆ.

ಗಾತ್ರದ ವಿಷಯಕ್ಕೆ ಬಂದಾಗ ನಾನು ಅವಸರ ಮಾಡುವುದಿಲ್ಲ, ಹೆಚ್ಚಿನ ದೋಷಗಳು ನುಸುಳುವುದು ಇಲ್ಲೇ. ಅಳತೆ ಜಾಡಿಗೆ ನೀರು ಹಾಕುವ ಮೊದಲು ಎರಡು ಗೆರೆಗಳ ನಡುವೆ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿ. 20ರಿಂದ 30ರವರೆಗೆ ಹತ್ತು ಭಾಗಗಳಿದ್ದರೆ ಒಂದೊಂದೂ 1 ಮಿಲಿಲೀಟರ್. ಐದೇ ಇದ್ದರೆ 2. ಇದನ್ನು ನೋಡದೆ ಗೆರೆ ಎಣಿಸುವುದು ಬಹಳ ಸಾಮಾನ್ಯ. ಜಾಡಿ ಮೇಜಿನ ಮೇಲೇ ಇರಲಿ. ಅದನ್ನು ಎತ್ತಿ ಕಣ್ಣಿನ ಬಳಿಗೆ ತಂದರೆ ಕೈಯಲ್ಲಿ ವಾಲುತ್ತದೆ. ನೀವೇ ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತನ್ನಿ. ಗಾಜಿನ ಜಾಡಿಯಲ್ಲಿ ನೀರಿನ ಮೇಲ್ಮೈ ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಿರುತ್ತದೆ. ಓದಬೇಕಾದದ್ದು ಆ ತಗ್ಗಿನ ತಳವನ್ನು. ಹಿಂದೆ ಒಂದು ಬಿಳಿ ಕಾಗದ ಹಿಡಿದರೆ ತಳ ಸ್ಪಷ್ಟವಾಗುತ್ತದೆ.

ಕಲ್ಲನ್ನು ಮೇಲಿನಿಂದ ಬೀಳಿಸಬೇಡಿ. ನೀರು ಚಿಮ್ಮುತ್ತದೆ, ಗಾಜಿನ ತಳವೂ ಒಡೆಯಬಹುದು. ತೆಳುವಾದ ದಾರ ಕಟ್ಟಿ ಮೆಲ್ಲಗೆ ಇಳಿಸಿ. ಅದಕ್ಕೆ ಗುಳ್ಳೆಗಳು ಅಂಟಿದ್ದರೆ ದಾರವನ್ನು ಸ್ವಲ್ಪ ಅಲುಗಿಸಿ ಬಿಡಿಸಿ, ಏಕೆಂದರೆ ಗುಳ್ಳೆಯೂ ಜಾಗ ಹಿಡಿಯುತ್ತದೆ. ನೀರು 50ರಿಂದ 65ಕ್ಕೆ ಏರಿದರೆ ಕಲ್ಲಿನ ಗಾತ್ರ 15 ಮಿಲಿಲೀಟರ್. ಲೋಹದ ಘನವನ್ನೂ ಹೀಗೇ ಮುಳುಗಿಸಿ. ಸ್ಕೇಲಿನಿಂದ ಬಂದ 8 ಘನ ಸೆಂಟಿಮೀಟರ್ ಮತ್ತು ಜಾಡಿ ತೋರಿಸುವ 8 ಮಿಲಿಲೀಟರ್ ಒಂದೇ ಎಂಬುದು ಆಗ ಬಾಯಿಪಾಠದ ಮಾತಾಗಿ ಉಳಿಯುವುದಿಲ್ಲ. ಕಲ್ಲು ತೀರ ಚಿಕ್ಕದಾಗಿದ್ದರೆ ಒಂದೇ ಬಗೆಯ ಐದಾರು ಕಲ್ಲುಗಳನ್ನು ಒಟ್ಟಿಗೆ ತೂಗಿ ಒಟ್ಟಿಗೆ ಮುಳುಗಿಸಿ. ಅಥವಾ ಕಿರಿದಾದ ಜಾಡಿ ಹಿಡಿಯಿರಿ. ಅಷ್ಟೇ ನೀರು ಅದರಲ್ಲಿ ಹೆಚ್ಚು ಎತ್ತರಕ್ಕೆ ಏರುತ್ತದೆ.

ಕಲ್ಲು 39.8 ಗ್ರಾಂ, 15 ಮಿಲಿಲೀಟರ್ ಎಂದುಕೊಳ್ಳಿ. ಗ್ರಾಮನ್ನು ಮಿಲಿಲೀಟರಿನಿಂದ ಭಾಗಿಸಿದರೆ ಸಾಂದ್ರತೆ, ಅಂದರೆ ಒಂದು ಮಿಲಿಲೀಟರಿಗೆ ಎಷ್ಟು ಗ್ರಾಂ ಎಂಬುದು, ಸಿಗುತ್ತದೆ; ಕ್ಯಾಲ್ಕ್ಯುಲೇಟರ್ ಅದನ್ನು 2.6533333 ಎಂದು ತೋರಿಸುತ್ತದೆ. ಇಷ್ಟು ಅಂಕಿಗಳನ್ನು ಬರೆದ ಪುಸ್ತಕವನ್ನು ನಾನು ಹಿಂದಿರುಗಿಸುತ್ತೇನೆ. ಜಾಡಿಯ ಎರಡು ಓದಿನಲ್ಲೂ ಅರ್ಧ ಮಿಲಿಲೀಟರ್ ಅತ್ತಿತ್ತ ಆಗಿರಬಹುದಾದ್ದರಿಂದ ಗಾತ್ರ 14ರಿಂದ 16ರ ನಡುವೆ ಎಲ್ಲಿಯಾದರೂ ಇರಬಹುದು. ಹಾಗಾದರೆ ಸಾಂದ್ರತೆ 2.5ರಿಂದ 2.8ರವರೆಗೆ. 2.7 ಎಂದು ಬರೆದರೆ ಸಾಕು, ಜೊತೆಗೆ 'ಗ್ರಾಂ ಪ್ರತಿ ಮಿಲಿಲೀಟರ್' ಎಂಬ ಏಕಮಾನ ಇರಲೇಬೇಕು. ಬೆಣಚುಕಲ್ಲಿನ ಸಾಂದ್ರತೆ 2.65 ಎಂದು ಮೊದಲೇ ಗೊತ್ತಿದ್ದವರು ಜಾಡಿಯ ಅಂಕಿಯನ್ನು ಅದಕ್ಕೆ ಹೊಂದುವಂತೆ ತಿದ್ದುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಾಗಿ ಬರೆದ ಅಂಕಿಯನ್ನೂ ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಮೂರು ಸಲ ಅಳೆದಾಗ ಮೂರು ಬೇರೆ ಅಂಕಿಗಳು ಬಂದ ಪುಸ್ತಕ ನನಗೆ ಹೆಚ್ಚು ಇಷ್ಟ.

ಉಳಿದದ್ದು ಬಿರಡೆ, ಅದು ತೇಲುತ್ತದೆ. ಒಂದು ಲೋಹದ ಗುಂಡನ್ನು ಮೊದಲು ಮುಳುಗಿಸಿ ನೀರಿನ ಮಟ್ಟ ಬರೆದುಕೊಳ್ಳಿ. ಆಮೇಲೆ ಬಿರಡೆಯನ್ನು ಅದೇ ಗುಂಡಿಗೆ ಕಟ್ಟಿ ಎರಡನ್ನೂ ಮುಳುಗಿಸಿ. ಎರಡನೆಯ ಮಟ್ಟದಿಂದ ಮೊದಲಿನದನ್ನು ಕಳೆದರೆ ಬಿರಡೆಯ ಗಾತ್ರ. ಉಪ್ಪಿನ ಹರಳಿನಂಥ ಕರಗುವ ವಸ್ತುವಾದರೆ ನೀರಿನ ಬದಲು ಎಣ್ಣೆ ಬಳಸಿ. ಜಾಡಿಯ ಗೋಡೆಗೆ ಅಂಟಿದ ಎಣ್ಣೆ ಪೂರ್ತಿ ಕೆಳಗಿಳಿಯುವವರೆಗೆ ಕಾದು ಓದಿ.