ನನ್ನ ಪುಟಗಳನ್ನು ಬೇರೆಯವರು ಓದುವಾಗ

ನಾವು ಐದು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಮೂವರು ಕಾದಂಬರಿ ಬರೆಯುವವರು, ಒಬ್ಬರು ಕವಿ, ಇನ್ನೊಬ್ಬರು ಅನುವಾದಕರು. ಒಂದು ಸಲಕ್ಕೆ ಒಬ್ಬರ ಬರಹ ಮಾತ್ರ, ಅದೂ ಹತ್ತು ಪುಟ ಮೀರಬಾರದು. ಬರೆದವರೇ ಓದುವ ಹಾಗಿಲ್ಲ. ಬೇರೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಬರೆದವರು ಪೆನ್ಸಿಲ್ ಹಿಡಿದು ಸುಮ್ನೆ ಕೂರಬೇಕು.

ಮೊದಲು ನಮ್ಮ ನಮ್ಮ ಬರಹ ನಾವೇ ಓದುತ್ತಿದ್ದೆವು. ಆಗ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತಿತ್ತು. ವಾಕ್ಯದಲ್ಲಿ ಏನು ಹೇಳಬೇಕೆಂದಿದ್ದೆ ಅಂತ ನನಗೆ ಗೊತ್ತಿರುತ್ತದಲ್ಲ, ಕಾಗದದ ಮೇಲೆ ಇಲ್ಲದ್ದನ್ನೂ ದನಿಯಲ್ಲೇ ತುಂಬಿಬಿಡುತ್ತಿದ್ದೆ. ಬೇರೆಯವರು ಓದುವಾಗ ಆ ಆಸರೆ ಇರುವುದಿಲ್ಲ. ಅವರು ಎಲ್ಲಿ ತಡವರಿಸಿ ಹಿಂದೆ ಹೋಗಿ ಮತ್ತೆ ಓದುತ್ತಾರೋ ಅಲ್ಲಿ ಗೆರೆ ಎಳೆಯುತ್ತೇನೆ. ಮನೆಗೆ ಬಂದು ನೋಡಿದರೆ ಹೆಚ್ಚಾಗಿ ಅದೇ ಎರಡು ತಪ್ಪು. ಒಂದು, ವಾಕ್ಯ ಎಷ್ಟು ಉದ್ದವಾಗಿದೆ ಅಂದರೆ ಕೊನೆಯ ಕ್ರಿಯಾಪದ ಬರುವಷ್ಟರಲ್ಲಿ ಕೆಲಸ ಮಾಡಿದವರು ಯಾರು ಅನ್ನೋದು ಮರೆತುಹೋಗಿರುತ್ತದೆ. ಇನ್ನೊಂದು, ಇಬ್ಬರು ಗಂಡಸರು ಮಾತಾಡುವ ಕಡೆ ಬರೀ ‘ಅವನು’ ‘ಅವನು’ ಅಂತ ಬರೆದು, ಯಾವ ಅವನು ಅಂತ ಹೇಳಿರುವುದಿಲ್ಲ. ಮೌನವಾಗಿ ಹತ್ತು ಸಲ ಓದಿದರೂ ಇವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಓದಿ ಮುಗಿದ ಮೇಲೆ ‘ಚೆನ್ನಾಗಿದೆ’ ಅನ್ನುವ ಹಾಗಿಲ್ಲ. ‘ಇನ್ನೂ ಆಳ ಬೇಕಿತ್ತು’ ಅನ್ನುವ ಹಾಗೂ ಇಲ್ಲ. ಆ ಮಾತು ಹಿಡಿದುಕೊಂಡು ಮನೆಗೆ ಹೋದರೆ ಯಾವ ಪುಟ ತಿದ್ದಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಎಲ್ಲಿ ಮನಸ್ಸು ಬೇರೆ ಕಡೆ ಹೋಯಿತು, ಯಾವ ಮಾತನ್ನು ನಂಬಲಾಗಲಿಲ್ಲ, ಇಷ್ಟು ಹೇಳಿದರೆ ಸಾಕು.

ನನ್ನ ಎರಡನೇ ಕಾದಂಬರಿಯಲ್ಲಿ ಒಬ್ಬ ತಾಯಿ ಇದ್ದಾಳೆ. ಅವಳ ಅಧ್ಯಾಯ 22 ಪುಟ ಆಗಿತ್ತು. ಅದರ ಮೊದಲ ಹತ್ತು ಪುಟ ಓದಿಸಿದ ದಿನ ಕವಿ ಗೆಳೆಯರು ಹೇಳಿದ್ದು ಒಂದೇ ಮಾತು: “ಈ ಹೆಂಗಸು ಏನೂ ಕೆಲಸ ಮಾಡ್ತಾನೇ ಇಲ್ವಲ್ಲ, ಬರೀ ದುಃಖ ಪಡ್ತಾ ಕೂತಿದ್ದಾಳೆ.” ನನಗೆ ತುಂಬಾ ನೋವಾಯಿತು. ನಾಲ್ಕು ದಿನ ಆ ಕಡತ ಮುಟ್ಟಲಿಲ್ಲ. ಐದನೇ ದಿನ ಅವಳ ಮುಂದೆ ಒಂದು ಹೊಲಿಗೆ ಮಷಿನ್ ಇಟ್ಟೆ. ಹರಿದ ಬಟ್ಟೆ ಹೊಲಿದುಕೊಡುವುದು ಅವಳ ಕಸುಬಾಯಿತು. ಮಾತಾಡುತ್ತಲೇ ದಾರ ಪೋಣಿಸುತ್ತಾಳೆ, ಸಿಟ್ಟು ಬಂದಾಗ ಮಷಿನ್ ಜೋರಾಗಿ ತುಳಿಯುತ್ತಾಳೆ. ಆಮೇಲೆ ದುಃಖವನ್ನು ನಾನು ಬಾಯಿಬಿಟ್ಟು ಹೇಳಬೇಕಾದ ಕಡೆಗಳೇ ಕಡಿಮೆಯಾದವು. ಅಧ್ಯಾಯ 13 ಪುಟಕ್ಕೆ ಇಳಿಯಿತು.

ಗುಂಪಿನಲ್ಲಿ ಕಲಿತದ್ದು ಪುಸ್ತಕದ ಕಾರ್ಯಕ್ರಮಗಳಲ್ಲೂ ನೆರವಿಗೆ ಬಂತು. ಮೊದಲ ಕಾದಂಬರಿ ಬಿಡುಗಡೆಯಾದಾಗ ನಾನು ಅತ್ಯಂತ ಪ್ರೀತಿಯ ಅಧ್ಯಾಯ ಆರಿಸಿಕೊಂಡು 25 ನಿಮಿಷ ಓದಿದ್ದೆ. ಅದರಲ್ಲಿ ಆರು ಪಾತ್ರಗಳಿದ್ದವು. ಕೇಳುವವರಿಗೆ ಅವರಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಅವರು ಪುಟ ತಿರುಗಿಸಿ ನೋಡಿಕೊಳ್ಳುವ ಹಾಗೂ ಇಲ್ಲವಲ್ಲ. ಈಗ ಹತ್ತು ನಿಮಿಷ ದಾಟುವುದಿಲ್ಲ. ನನ್ನ ಓದಿನ ವೇಗಕ್ಕೆ ಅದು ಸುಮಾರು ಸಾವಿರ ಪದ. ಇಬ್ಬರೇ ಮಾತಾಡುವ, ಅಲ್ಲೇ ಏನಾದರೂ ನಡೆಯುವ ಒಂದು ಭಾಗ ಹುಡುಕುತ್ತೇನೆ. ಅದನ್ನು ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಮುದ್ರಿಸಿ, ಹಿಂದಿನ ಕಥೆ ಗೊತ್ತಿಲ್ಲದೆ ಅರ್ಥವಾಗದ ವಾಕ್ಯಗಳನ್ನು ಹೊಡೆದುಹಾಕುತ್ತೇನೆ. ಪುಸ್ತಕದಲ್ಲಿ ಇದ್ದ ಹಾಗೆಯೇ ಓದಬೇಕು ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಿವಿಗೆ ಬೇಕಾದದ್ದೇ ಬೇರೆ, ಅಲ್ವಾ?

ಓದುಗರಿಗೆ ಪುಸ್ತಕದ ಮೇಲೆ ಸಹಿ ಹಾಕಿಕೊಡುವಾಗ ಅವರ ಹೆಸರು ಹೇಗೆ ಬರೆಯಬೇಕು ಅಂತ ತಪ್ಪದೆ ಕೇಳುತ್ತೇನೆ. ಎಷ್ಟು ಪರಿಚಿತ ಹೆಸರಾದರೂ ಸರಿ.

ಜಾಸ್ತಿ ಕಷ್ಟ ಕೊಟ್ಟದ್ದು ಬೆನ್ನುಡಿ, ಅಂದರೆ ಬೇರೆಯವರ ಪುಸ್ತಕದ ಹಿಂಬದಿಗೆ ಬರೆದುಕೊಡುವ ನಾಲ್ಕು ಮಾತು. ಒಂದು ಪುಸ್ತಕ ಹೊರಬಂದ ಮೇಲೆ ಗೆಳೆಯರು, ಗೆಳೆಯರ ಗೆಳೆಯರು, ಎಲ್ಲರೂ ಹಸ್ತಪ್ರತಿ ಕಳಿಸುತ್ತಾರೆ. ಒಂದು ವರ್ಷ ಯಾರಿಗೂ ಇಲ್ಲ ಅನ್ನಲಿಲ್ಲ. ಆ ವರ್ಷ ನನ್ನ ಕಾದಂಬರಿಯಲ್ಲಿ ಒಂದು ಅಧ್ಯಾಯವೂ ಮುಗಿಯಲಿಲ್ಲ. ಅದಕ್ಕಿಂತ ನೋವಾದದ್ದು, ಅರ್ಧ ಓದಿದ ಒಂದು ಹಸ್ತಪ್ರತಿಯ ಬಗ್ಗೆ ನಾನು ಒಳ್ಳೆಯ ಮಾತು ಬರೆದುಕೊಟ್ಟದ್ದು. ಅದನ್ನು ಬರೆದವರು ಎಷ್ಟು ಖುಷಿಪಟ್ಟರು ಅಂದರೆ ಅವರ ಮುಖ ನೋಡಲಾಗಲಿಲ್ಲ. ಪೂರ್ತಿ ಓದದೆ ಒಂದು ಸಾಲೂ ಬರೆಯುವುದಿಲ್ಲ ಅಂತ ಆಗಲೇ ತೀರ್ಮಾನಿಸಿದೆ. ಓದಲು ಸಮಯವಿಲ್ಲದಿದ್ದರೆ ಅದೇ ವಾರ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ಕಾಯಿಸಿ ಆಮೇಲೆ ಆಗಲ್ಲ ಅನ್ನುವುದು ಅವರಿಗೆ ಮಾಡುವ ಅನ್ಯಾಯ.

ಬೆಳಿಗ್ಗೆ ಎರಡು ಗಂಟೆ ಕಾಲ ಬರವಣಿಗೆಗೆ. ಆ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಸಂಜೆ ಕಾರ್ಯಕ್ರಮ ಇದ್ದ ದಿನ ಮಾತ್ರ ಹೊಸದಾಗಿ ಏನೂ ಬರೆಯಲಾಗುವುದಿಲ್ಲ, ತಲೆಯಲ್ಲಿ ಆಗಲೇ ಜನ ತುಂಬಿರುತ್ತಾರೆ. ಅಂಥ ದಿನ ಅಚ್ಚಿನ ಕರಡು ತಿದ್ದುತ್ತೇನೆ. ಪುಸ್ತಕ ಸಾಮಾನ್ಯವಾಗಿ 16 ಪುಟಗಳ ಫಾರಂಗಳಲ್ಲಿ (ಒಂದೇ ದೊಡ್ಡ ಹಾಳೆಯ ಮೇಲೆ ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಟ್ಟು) ಅಚ್ಚಾಗುವುದರಿಂದ ಒಂದು ಸಲ ಕೂತರೆ ಒಂದು ಫಾರಂ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚು ಓದಿದರೆ ಕಣ್ಣು ತಪ್ಪುಗಳನ್ನು ಹಾರಿಸಿಕೊಂಡು ಹೋಗುತ್ತದೆ.

ಕಳೆದ ಸಲ ಒಂದು ಓದಿನ ಕೊನೆಗೆ ವಯಸ್ಸಾದ ಒಬ್ಬರು ಎದ್ದು ನಿಂತು ಕೇಳಿದರು: “ಕಥೇಲಿ ಆ ತಾಯಿ ಮನೆ ಮಾರಿಸಿದ್ರಿ, ಸರಿ. ಆ ಹೊಲಿಗೆ ಮಷಿನ್ ಏನಾಯ್ತು?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಯೋಚಿಸಿರಲೇ ಇಲ್ಲ ಅಂತ ಅವರಿಗೆ ಹೇಳಿದೆ. ರಾತ್ರಿ ಮನೆಗೆ ಬಂದು ಆ ಪ್ರಶ್ನೆಯನ್ನು ಹಾಗೇ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಈಗ ಎಂಟು ಪುಟ ಆಗಿದೆ. ಮಷಿನ್ ಮಗಳ ಮನೆ ಸೇರಿದೆ, ಅವಳಿಗೆ ಹೊಲಿಯಲು ಬರುವುದಿಲ್ಲ. ಮುಂದಿನ ತಿಂಗಳು ನನ್ನ ಸರದಿ, ಕವಿ ಗೆಳೆಯರು ಓದುತ್ತಾರೆ.