ಮೂಳೆ ಟೊಳ್ಳಾಗಿದೆ, ಸರಿ. ಟೊಳ್ಳು ಮಾಡಿದ್ದು ಯಾರು?

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನ ವರದಿ ಕೈಗೆ ಬರುತ್ತದೆ. ಕೆಳಗೆ ‘ಆಸ್ಟಿಯೊಪೊರೋಸಿಸ್’ ಎಂದಿರುತ್ತದೆ. ವಯಸ್ಸಾಯಿತಲ್ಲ, ಇನ್ನೇನು ಎಂದುಕೊಂಡು ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿಬಿಡುತ್ತೇವೆ. ಹಲವರ ಮಟ್ಟಿಗೆ ವಯಸ್ಸೇ ಕಾರಣವಿರಬಹುದು, ಮುಟ್ಟು ನಿಂತದ್ದೂ ಇರಬಹುದು. ಆದರೆ ಥೈರಾಯ್ಡ್, ಕರುಳು, ಕಿಡ್ನಿ, ಸಂಧಿವಾತ, ಕೆಲವೊಮ್ಮೆ ದಿನಾ ನುಂಗುವ ಯಾವುದೋ ಮಾತ್ರೆ ಮರೆಯಲ್ಲಿ ಕುಳಿತು ಮೂಳೆಯನ್ನು ಖಾಲಿ ಮಾಡುತ್ತಿರುವುದೂ ಉಂಟು. ಇದನ್ನು ವೈದ್ಯರು ಸೆಕೆಂಡರಿ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಪುರುಷರಲ್ಲಂತೂ ಹುಡುಕಿದರೆ ಸುಮಾರು ಅರ್ಧದಷ್ಟು ಮಂದಿಗೆ ಇಂಥದ್ದೊಂದು ಕಾರಣ ಸಿಗುತ್ತದೆ. ಅದನ್ನು ಬಿಟ್ಟು ಮೂಳೆಗಷ್ಟೇ ಔಷಧಿ ಕೊಡುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಒಂದು ಗೊಂದಲ ಮೊದಲೇ ಬಗೆಹರಿಯಲಿ. ‘ಮೂಳೆ ಸವೆತ’ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮಂಡಿನೋವು. ಅಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ. ಅದು ನೋಯುತ್ತದೆ, ಹಾಗಾಗಿ ಗೊತ್ತಾಗುತ್ತದೆ. ಇಲ್ಲಿ ಹೇಳುತ್ತಿರುವುದು ಮೂಳೆಯ ಒಳಗಟ್ಟೇ ತೆಳುವಾಗುವ ಕಾಯಿಲೆ. ಮುರಿಯುವ ತನಕ ಅದು ತುಟಿ ಬಿಚ್ಚುವುದಿಲ್ಲ.

ಹೆಜ್ಜೆ 1: ಮೂಳೆಯೊಳಗಿನ ಕೆಲಸ ತಿಳಿಯಿರಿ

ಮೂಳೆ ಒಮ್ಮೆ ಕಟ್ಟಿ ಮುಗಿಸಿದ ಕಂಬವಲ್ಲ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಗೆ ಅಂಟಿಕೊಂಡು, ಆಮ್ಲ ಸುರಿದು, ಸಣ್ಣದೊಂದು ಗುಳಿ ತೋಡುತ್ತವೆ. ಇದು ಕೆಲವೇ ವಾರಗಳ ಕೆಲಸ. ಆಮೇಲೆ ಆಸ್ಟಿಯೊಬ್ಲಾಸ್ಟ್‌ಗಳು ಬಂದು ಆ ಗುಳಿಗೆ ಹೊಸ ಮೂಳೆ ತುಂಬುತ್ತವೆ. ಅದಕ್ಕೆ ತಿಂಗಳುಗಳೇ ಬೇಕು. ವಯಸ್ಕರ ಅಸ್ಥಿಪಂಜರದ ಸುಮಾರು ಶೇ 10ರಷ್ಟು ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಅಗೆಯುವುದು ಬೇಗ, ತುಂಬುವುದು ನಿಧಾನ ಎಂಬ ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಈ ಚಕ್ರವೇ ಜೋರಾಗಿ ತಿರುಗುತ್ತದೆ. ಒಂದು ಗುಳಿ ತುಂಬುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಎದ್ದಿರುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಉರಿಯೂತದ ರಾಸಾಯನಿಕಗಳು ಅಗೆಯುವ ಕೋಶಗಳ ಸಂಖ್ಯೆಯನ್ನೇ ಹೆಚ್ಚಿಸುತ್ತವೆ. ಸ್ಟೀರಾಯ್ಡ್ ಮಾಡುವುದು ಇದರ ತಿರುಗುಮುರುಗು: ತುಂಬುವ ಕೋಶಗಳನ್ನೇ ಸಾಯಿಸುತ್ತದೆ. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್‌ನಿಂದ ಕರುಳಿನ ಒಳಪದರ ಹಾಳಾಗಿ, ತುಂಬುವುದಕ್ಕೆ ಬೇಕಾದ ಸಾಮಗ್ರಿಯೇ ರಕ್ತಕ್ಕೆ ಸೇರುವುದಿಲ್ಲ.

ಪ್ಯಾರಾಥೈರಾಯ್ಡ್ ಗ್ರಂಥಿಗಳ ಕಥೆ ಬೇರೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಮೂಳೆಯಲ್ಲಿದೆ. ಆದರೆ ರಕ್ತದಲ್ಲಿರುವ ಚೂರು ಕ್ಯಾಲ್ಸಿಯಂ ಇಲ್ಲದೆ ಹೃದಯ, ನರ, ಸ್ನಾಯು ಯಾವುದೂ ನಡೆಯದು. ಅದು ಇಳಿದರೆ ಕುತ್ತಿಗೆಯಲ್ಲಿರುವ ಈ ನಾಲ್ಕು ಪುಟ್ಟ ಗ್ರಂಥಿಗಳು ಮೂಳೆಯ ಖಜಾನೆಯಿಂದ ತೆಗೆಸುತ್ತವೆ. ಅವುಗಳಲ್ಲೊಂದು ಗಂಟಾಗಿ ಬೆಳೆದರೆ ಬೇಡದಿದ್ದರೂ ತೆಗೆಸುತ್ತಲೇ ಇರುತ್ತದೆ. ಕಿಡ್ನಿ ಸೋತವರಲ್ಲಿ ವಿಟಮಿನ್ ಡಿ ಸಕ್ರಿಯವಾಗುವುದಿಲ್ಲ, ರಂಜಕ ಹೊರಹೋಗುವುದಿಲ್ಲ. ಕೊನೆಗೆ ಒತ್ತಡ ಬೀಳುವುದು ಇದೇ ಗ್ರಂಥಿಗಳ ಮೇಲೆ, ಅಲ್ಲಿಂದ ಮೂಳೆಯ ಮೇಲೆ.

ಹೆಜ್ಜೆ 2: ವರದಿಯಲ್ಲಿ ಝಡ್ ಸ್ಕೋರ್ ಹುಡುಕಿ

ಎಲ್ಲರ ಕಣ್ಣೂ ಟಿ ಸ್ಕೋರ್ ಮೇಲೆಯೇ. ಅದು ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವ ವಯಸ್ಕರ ಮೂಳೆಯೊಂದಿಗೆ ಹೋಲಿಸುತ್ತದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಪಕ್ಕದ ಝಡ್ ಸ್ಕೋರ್ ನಿಮ್ಮದೇ ವಯಸ್ಸಿನ, ನಿಮ್ಮದೇ ಲಿಂಗದವರೊಂದಿಗೆ ಹೋಲಿಸುತ್ತದೆ. 58ರ ಮಹಿಳೆಯೊಬ್ಬರಿಗೆ ಟಿ ಸ್ಕೋರ್ ಮೈನಸ್ 3.4, ಝಡ್ ಸ್ಕೋರ್ ಮೈನಸ್ 2.3 ಎಂದಿಟ್ಟುಕೊಳ್ಳಿ. ಓರಗೆಯವರಿಗೆ ಹೋಲಿಸಿದರೂ ಅವರ ಮೂಳೆ ಇಷ್ಟು ತೆಳ್ಳಗಿದೆ ಎಂದಮೇಲೆ ವಯಸ್ಸಿನ ಮೇಲೆ ತಪ್ಪು ಹೊರಿಸಿ ಕೂರುವಂತಿಲ್ಲ. ಝಡ್ ಸ್ಕೋರ್ ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ‘ಬೇರೆ ಕಾರಣ ಇದೆಯೇ ನೋಡೋಣವೇ?’ ಎಂದು ಕೇಳುವುದು ನಿಮ್ಮ ಹಕ್ಕು. ಝಡ್ ಸ್ಕೋರ್ ಚೆನ್ನಾಗಿದ್ದ ಮಾತ್ರಕ್ಕೆ ಬೇರೆ ಕಾಯಿಲೆ ಇಲ್ಲವೆಂದೂ ಅಲ್ಲ.

ಟೈಪ್ 2 ಮಧುಮೇಹಿಗಳಿಗೆ ಈ ಯಂತ್ರವೇ ಸುಳ್ಳು ಧೈರ್ಯ ಹೇಳಬಲ್ಲದು. ಅವರ ಮೂಳೆ ಸಾಂದ್ರತೆ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚೇ ಕಾಣುತ್ತದೆ. ಆದರೂ ಮುರಿಯುವ ಅಪಾಯ ಜಾಸ್ತಿ. ಕೆಟ್ಟಿರುವುದು ಮೂಳೆಯ ಗುಣಮಟ್ಟ, ಸ್ಕ್ಯಾನ್ ಅಳೆಯುವುದು ಪ್ರಮಾಣ.

ಹೆಜ್ಜೆ 3: ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ

ನನ್ನನ್ನು ಕೇಳಿದರೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ, ಖರ್ಚೂ ಇಲ್ಲ. ಮೊದಲು ಹುಡುಕಬೇಕಾದ್ದು ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಳ್ಳುವವರ ಮೂಳೆಯ ಬಗ್ಗೆ ಯೋಚಿಸಲೇಬೇಕು. ನಷ್ಟ ಅತಿ ವೇಗವಾಗಿ ಆಗುವುದು ಮೊದಲ 3ರಿಂದ 6 ತಿಂಗಳಲ್ಲಿ. ವರ್ಷ ಕಳೆಯಲಿ, ಆಮೇಲೆ ನೋಡೋಣ ಎಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹಾಗೆಂದು ಇದನ್ನು ಓದಿ ಇವತ್ತೇ ಸ್ಟೀರಾಯ್ಡ್ ಬಿಡಬೇಡಿ. ಬಹುಕಾಲ ತೆಗೆದುಕೊಂಡವರು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಹೆಸರು, ವಿವರ ಏನೂ ಇಲ್ಲದ ನೋವಿನ ಪುಡಿಗಳೂ ಮೇಜಿನ ಮೇಲೆ ಬರಲಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸದೇನಲ್ಲ.

ಮಿಕ್ಕವು: ಅಗತ್ಯಕ್ಕಿಂತ ಹೆಚ್ಚಾದ ಥೈರಾಕ್ಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಫಿನೋಬಾರ್ಬಿಟಾಲ್, ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನು ತಗ್ಗಿಸುವ ಚಿಕಿತ್ಸೆ.

ಹೆಜ್ಜೆ 4: ದೇಹ ಕೊಟ್ಟ ಸುಳಿವು ಬರೆದಿಡಿ

ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು ಎತ್ತರ ಅಳೆಸಿ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು. ಬೆನ್ನಿನ ಎಕ್ಸ್‌ರೇ ಬೇಕು. ತೂಕ ಇಳಿದು, ಎದೆ ಡವಗುಟ್ಟಿ, ಕೈ ನಡುಗುತ್ತಿದ್ದರೆ ಥೈರಾಯ್ಡ್ ಕಡೆ ನೋಡಿ. ಕಿಡ್ನಿಯಲ್ಲಿ ಪದೇಪದೇ ಕಲ್ಲು, ಜೊತೆಗೆ ಮಲಬದ್ಧತೆ ಇದ್ದರೆ ಪ್ಯಾರಾಥೈರಾಯ್ಡ್. ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ ಸೀಲಿಯಾಕ್‌ನ ಏಕೈಕ ಕುರುಹಾಗಿರಬಹುದು, ಭೇದಿಯೇ ಇರಬೇಕೆಂದಿಲ್ಲ. ಮುಖ ದುಂಡಗಾಗಿ, ಚರ್ಮ ತೆಳುವಾಗಿ, ಸುಮ್ಮಸುಮ್ಮನೆ ಕಂದುಗಟ್ಟುತ್ತಿದ್ದರೆ ದೇಹವೇ ಹೆಚ್ಚು ಸ್ಟೀರಾಯ್ಡ್ ಉತ್ಪಾದಿಸುವ ಕುಶಿಂಗ್ ಕಾಯಿಲೆಯ ಶಂಕೆ. ಹರೆಯದಲ್ಲೇ ಮುಟ್ಟು ನಿಂತದ್ದನ್ನೂ, ಪುರುಷರು ಲೈಂಗಿಕ ಆಸಕ್ತಿ ಕುಗ್ಗಿದ್ದನ್ನೂ ಸಂಕೋಚ ಬಿಟ್ಟು ಹೇಳಬೇಕು.

ಹೆಜ್ಜೆ 5: ರಕ್ತ ಪರೀಕ್ಷೆಯನ್ನು ಜೋಡಿಸಿ ಓದಿ

ಸಾಮಾನ್ಯವಾಗಿ ಬರೆಯುವುದು: ಹಿಮೋಗ್ಲೋಬಿನ್, ಇಎಸ್‌ಆರ್ (ಉರಿಯೂತದ ಸೂಚಕ), ಕ್ಯಾಲ್ಸಿಯಂ, ಅಲ್ಬುಮಿನ್, ರಂಜಕ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು), ಪುರುಷರಿಗೆ ಟೆಸ್ಟೊಸ್ಟಿರೋನ್. ಒಂದೊಂದನ್ನೇ ನೋಡಿ ‘ನಾರ್ಮಲ್’ ಎಂದರೆ ಮೋಸಹೋಗುತ್ತೇವೆ. ಕ್ಯಾಲ್ಸಿಯಂ 9.9 ಇದೆ, ಮಿತಿ 10.5, ಸರಿಯಾಗಿದೆ ಅನಿಸುತ್ತದೆ. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೊರುವ ಪ್ರೋಟೀನ್ ಆದ ಅಲ್ಬುಮಿನ್ 2.8 ಇದ್ದರೆ? ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು: 1.2ಕ್ಕೆ 0.96. ಅಲ್ಲಿಗೆ ಕ್ಯಾಲ್ಸಿಯಂ ಸುಮಾರು 10.9, ಮಿತಿ ದಾಟಿತು.

ಈಗ ಪಿಟಿಎಚ್ ನೋಡಿ. ಕ್ಯಾಲ್ಸಿಯಂ ಏರಿದಾಗ ಅದು ತಗ್ಗಬೇಕು. ತಗ್ಗದಿದ್ದರೆ ಪ್ಯಾರಾಥೈರಾಯ್ಡ್ ಮೇಲೆ ಅನುಮಾನ. ತಗ್ಗಿದ್ದರೆ ಬೇರೆ ಕಡೆ ಹುಡುಕಬೇಕು, ಮುಖ್ಯವಾಗಿ ಕ್ಯಾನ್ಸರ್. ಅದರಲ್ಲೂ ಬೆನ್ನುನೋವು, ರಕ್ತಹೀನತೆ, ಏರಿದ ಇಎಸ್‌ಆರ್ ಒಟ್ಟಿಗಿದ್ದರೆ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್‌ಗಾಗಿ ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ ಮಾಡಿಸಲು ತಡಮಾಡಬಾರದು. ವಿಟಮಿನ್ ಡಿ ಮತ್ತು ರಂಜಕ ಕಡಿಮೆ, ಆಲ್ಕಲೈನ್ ಫಾಸ್ಫಟೇಸ್ ಹೆಚ್ಚು ಎಂದಿದ್ದರೆ ಅದು ಆಸ್ಟಿಯೊಮಲೇಸಿಯಾ ಇರಬಹುದು, ಅಂದರೆ ಖನಿಜ ಕೂರದೆ ಮೂಳೆ ಮೆತ್ತಗಾಗಿರುವುದು. ಸ್ಕ್ಯಾನ್‌ಗೆ ಈ ವ್ಯತ್ಯಾಸ ತಿಳಿಯದು.

ಹೆಜ್ಜೆ 6: ಮೂಲಕ್ಕೂ ಮದ್ದು, ಮೂಳೆಗೂ ಮದ್ದು

ಪ್ಯಾರಾಥೈರಾಯ್ಡ್ ಗಂಟು ತೆಗೆದ ಮೇಲೆ ಮೂಳೆ ಸಾಂದ್ರತೆ ಏರುತ್ತದೆ. ಥೈರಾಯ್ಡ್ ಹತೋಟಿಗೆ ಬಂದರೂ, ಸೀಲಿಯಾಕ್‌ನವರು ಗ್ಲುಟೆನ್ ಬಿಟ್ಟರೂ ಸುಧಾರಣೆ ಕಾಣುತ್ತದೆ. ಹಾಗಾಗದ ಕಾಯಿಲೆಗಳಲ್ಲಿ, ಅಥವಾ ಮೂಳೆ ಆಗಲೇ ಮುರಿದಿದ್ದರೆ, ಮೂಳೆಯ ಅಗೆತ ತಗ್ಗಿಸುವ ಬಿಸ್ಫಾಸ್ಫೊನೇಟ್‌ನಂಥ ಔಷಧಿಯೂ ಜೊತೆಗೆ ಬೇಕಾಗಬಹುದು. ಅದಕ್ಕೆ ಮೊದಲು ವಿಟಮಿನ್ ಡಿ ಕೊರತೆ ತುಂಬಿರಬೇಕು. ಕಿಡ್ನಿ ತೀರಾ ದುರ್ಬಲವಿದ್ದರೆ ಔಷಧಿಯ ಆಯ್ಕೆಯೇ ಬದಲಾಗುತ್ತದೆ.

ಮತ್ತೆ ಸ್ಕ್ಯಾನ್ ಸಾಮಾನ್ಯವಾಗಿ ಒಂದೆರಡು ವರ್ಷದ ನಂತರ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಅದಕ್ಕೂ ಮುಂಚೆ. ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ, ಹಳೆಯ ವರದಿ ಒಯ್ಯಿರಿ. ಆಗ ಹೋಲಿಸಬೇಕಾದ್ದು ಟಿ ಸ್ಕೋರನ್ನಲ್ಲ. ಅದೇ ಸಾಲಿನಲ್ಲಿರುವ, ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಅಂಕಿಯನ್ನು.